ಫ್ರಾಂಕ್ಲಿನ್ ಹಡಗುಗಳನ್ನು ಹಿಡಿದಿಟ್ಟ ಹಳೆಯ ಮಂಜುಗಡ್ಡೆ

ಕೆನಡಾದ ಉತ್ತರದ ದ್ವೀಪಗಳ ನಡುವೆ ನುಸುಳಿ ಏಷ್ಯಾ ತಲುಪುವ ಕಡಲದಾರಿಗಾಗಿ ಬ್ರಿಟನ್ನಿನ ನಾವಿಕರು ಶತಮಾನಗಳ ಕಾಲ ಹುಡುಕಿದರು. ಅವರಲ್ಲೊಬ್ಬನಾದ ಹೆನ್ರಿ ಹಡ್ಸನ್‌ನನ್ನು 1611ರಲ್ಲಿ ಅವನ ಹಡಗಿನವರೇ ದಂಗೆಯೆದ್ದು ಸಣ್ಣ ದೋಣಿಯಲ್ಲಿ ಬಿಟ್ಟುಹೋದರು. ಆದರೆ ಇಂದಿಗೂ ಸಂಶೋಧಕರನ್ನು ಬಿಡದೆ ಕಾಡುವುದು ಸರ್ ಜಾನ್ ಫ್ರಾಂಕ್ಲಿನ್ ಯಾತ್ರೆ.

1845ರ ಮೇ ತಿಂಗಳಲ್ಲಿ ಹೊರಟ ಎರೆಬಸ್ ಮತ್ತು ಟೆರರ್ ಹಡಗುಗಳ ಮೂತಿಗೆ ಕಬ್ಬಿಣದ ತಗಡು ಹೊದಿಸಿದ್ದರು, ಹಬೆ ಎಂಜಿನ್ ಕೂರಿಸಿದ್ದರು, ಮೂರು ವರ್ಷಕ್ಕಾಗುವಷ್ಟು ಆಹಾರ ತುಂಬಿದ್ದರು. 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಡಬ್ಬಿ ಆಹಾರದ ಸೀಸವೇ ಕೊಂದಿತು ಎಂಬ ಮಾತು 1980ರ ದಶಕದಲ್ಲಿ ಜನಪ್ರಿಯವಾಯಿತು. ನಂತರದ ಮೂಳೆ ಪರೀಕ್ಷೆಗಳು ಅದನ್ನು ಅಷ್ಟಾಗಿ ಬೆಂಬಲಿಸಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದು ಮಂಜುಗಡ್ಡೆಯನ್ನು.

ಕಡಲ ನೀರು ಹೆಪ್ಪುಗಟ್ಟುವಾಗ ಉಪ್ಪುನೀರು ಸಣ್ಣಸಣ್ಣ ಗೂಡುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೊಸ ಮಂಜುಗಡ್ಡೆ ಮೆದು. ಬೇಸಿಗೆ ದಾಟಿ ಉಳಿದದ್ದರಿಂದ ಆ ಉಪ್ಪುನೀರು ಕೆಳಗೆ ಸೋರಿಹೋಗುತ್ತದೆ. ವರ್ಷ ಕಳೆದಂತೆ ಅದು ಹಲವು ಮೀಟರ್ ದಪ್ಪವಾಗಿ, ಬಲು ಗಟ್ಟಿಯಾಗುತ್ತದೆ. ಈ ಹಳೆಯ ಮಂಜುಗಡ್ಡೆ ಉತ್ತರದಿಂದ ಮೆಕ್‌ಕ್ಲಿಂಟಾಕ್ ಕಾಲುವೆಯ ಮೂಲಕ ತೇಲಿಬಂದು ಕಿಂಗ್ ವಿಲಿಯಂ ದ್ವೀಪದ ವಾಯವ್ಯ ದಡಕ್ಕೆ ಒತ್ತರಿಸಿ ರಾಶಿಬೀಳುತ್ತದೆ. 1846ರ ಸೆಪ್ಟೆಂಬರಿನಲ್ಲಿ ಹಡಗುಗಳು ಸಿಲುಕಿದ್ದು ಅಲ್ಲೇ. ಮರುವರ್ಷದ ಬೇಸಿಗೆಯೂ ಅವನ್ನು ಬಿಡಿಸಲಿಲ್ಲ. 1847ರ ಜೂನಿನಲ್ಲಿ ಫ್ರಾಂಕ್ಲಿನ್ ಸತ್ತರು. 1848ರ ಏಪ್ರಿಲಿನಲ್ಲಿ ಉಳಿದ 105 ಜನ ಹಡಗು ತೊರೆದು, ದೋಣಿಗಳನ್ನು ಎಳೆಯುತ್ತ ದಕ್ಷಿಣಕ್ಕೆ ನಡೆದರು.

ದ್ವೀಪದ ಪೂರ್ವಕ್ಕೆ ಆ ಮಂಜುಗಡ್ಡೆಯ ಹಾವಳಿ ಇಲ್ಲ. ಆದರೆ ಅಂದಿನ ನಕ್ಷೆಗಳು ಅಲ್ಲಿ ನೆಲ ಕೂಡಿಕೊಂಡಿದೆ, ಅದು ಮುಚ್ಚಿದ ಕೊಲ್ಲಿ ಎಂದು ತೋರಿಸುತ್ತಿದ್ದವು. ಅಲ್ಲಿ ಜಲಸಂಧಿಯಿದೆ ಎಂದು ಯುರೋಪಿಗೆ ತಿಳಿದದ್ದು 1854ರಲ್ಲಿ, ಅನ್ವೇಷಕ ಜಾನ್ ರೇ ಅತ್ತ ಹೋದಾಗ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಕಂಡದ್ದನ್ನೂ ಕೇಳಿದ್ದನ್ನೂ ರೇ ವರದಿ ಮಾಡಿದರು: ಹಸಿದು ಸತ್ತ ಬಿಳಿಯರು, ಕೊನೆಗೆ ಸತ್ತವರ ಮಾಂಸ ತಿಂದ ಕುರುಹು. ಲಂಡನ್ ಕೆರಳಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇನುಯಿಟ್ ಜನರನ್ನೇ ನಂಬಲಾಗದವರು ಎಂದು ಬರೆದರು. ಅದು ಘೋರ ಅನ್ಯಾಯ. ದ್ವೀಪದಲ್ಲಿ ಸಿಕ್ಕ ಮೂಳೆಗಳ ಮೇಲೆ ಕತ್ತಿಯ ಗೀರುಗಳಿದ್ದವು. ಅಂಥ ಒಂದು ದವಡೆ ಎರೆಬಸ್ಸಿನ ಕ್ಯಾಪ್ಟನ್ ಜೇಮ್ಸ್ ಫಿಟ್ಸ್‌ಜೇಮ್ಸ್‌ರದೆಂದು 2024ರಲ್ಲಿ ಡಿಎನ್‌ಎ ಹೇಳಿತು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಇನುಯಿಟ್ ಹಿರಿಯರು ಹೇಳುತ್ತ ಬಂದಿದ್ದ ದಿಕ್ಕಿನಲ್ಲೇ. 2016ರಲ್ಲಿ ಟೆರರ್ ಇದ್ದ ಕೊಲ್ಲಿಯನ್ನು ತೋರಿಸಿಕೊಟ್ಟವರೂ ಒಬ್ಬ ಇನುಯಿಟ್.

1903ರಲ್ಲಿ ಹೊರಟ ನಾರ್ವೆಯ ಅಮುಂಡ್ಸೆನ್ ಗ್ಯೋವಾ ಎಂಬ ಚಿಕ್ಕ ಹಡಗಿನಲ್ಲಿ ಪೂರ್ವದ ಆ ಜಲಸಂಧಿಯನ್ನೇ ಹಿಡಿದರು. ಎರಡು ಚಳಿಗಾಲ ಇನುಯಿಟ್ ಜನರ ನೆರೆಯಲ್ಲಿದ್ದು ಚರ್ಮದ ಉಡುಪು, ನಾಯಿಬಂಡಿಯ ಬಳಕೆ ಕಲಿತು 1906ರಲ್ಲಿ ಅಲಾಸ್ಕಾ ತಲುಪಿದರು. ಆದರೆ ಆ ದಾರಿಯಲ್ಲಿ ನೀರಿನ ಆಳ ತೀರ ಕಡಿಮೆ, ಸರಕು ಹಡಗಿಗೆ ಒಗ್ಗುವಂಥದ್ದಲ್ಲ.

ಧ್ರುವ ಬಿಸಿಯಾದರೆ ದ್ವೀಪಗಳ ನಡುವಿನ ಈ ಕಡಲದಾರಿ ತಾನಾಗಿ ತೆರೆಯುತ್ತದೆ ಎಂದು ಹಲವರು ಎಣಿಸಿದ್ದರು. ಆದರೆ 2007ರಿಂದ 2021ರವರೆಗಿನ ದಾಖಲೆಗಳ ಅಧ್ಯಯನದಲ್ಲಿ ಕೆಲವು ಇಕ್ಕಟ್ಟಿನ ಜಾಗಗಳಲ್ಲಿ ಸಂಚಾರದ ಅವಧಿ ಕಡಿಮೆಯೇ ಆಗಿರುವುದು ಕಂಡಿದೆ. ಉತ್ತರದಲ್ಲಿ ಸಡಿಲಗೊಂಡ ಹಳೆಯ ಮಂಜುಗಡ್ಡೆ ಈಗ ದಕ್ಷಿಣದ ಕಾಲುವೆಗಳಿಗೆ ಇಳಿದು ಬರುತ್ತಿದೆ.