ಸ್ಥಿತಿಯನ್ನು ಹೇಳಿದರೆ ಸಾಕು

ಹಾವೇರಿಯ ವಿದ್ಯಾರ್ಥಿಯೊಬ್ಬನು ಕನ್ನಡ ವಿಕಿಪೀಡಿಯದಲ್ಲಿ ಬ್ಯಾಡಗಿ ಪಟ್ಟಣದ ಪುಟವನ್ನು ತೆರೆದರೆ ಅದು ಕ್ಷಣಾರ್ಧದಲ್ಲಿ ಕಣ್ಣಮುಂದೆ ನಿಲ್ಲುತ್ತದೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಈ ವಿಶ್ವಕೋಶವು ಆರಂಭವಾದದ್ದು 2003ರಲ್ಲಿ. ಇದರ ಮುಖ್ಯ ಗಣಕಗಳಿರುವುದು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿ. ಏಷ್ಯದ ಓದುಗರಿಗೆ ಪುಟಗಳು ಬೇಗನೆ ತಲಪಲೆಂದು ಅವುಗಳ ಪ್ರತಿಗಳನ್ನು ಒದಗಿಸುವ ಕೇಂದ್ರವೊಂದು 2018ರಿಂದ ಸಿಂಗಪುರದಲ್ಲಿಯೂ ಉಂಟು.

ಹೀಗೆ ಪುಟಗಳನ್ನು ಒದಗಿಸುವ ಗಣಕಕ್ಕೆ ಸರ್ವರ್ ಎಂದು ಹೆಸರು. ವಿಕಿಮೀಡಿಯ ಪ್ರತಿಷ್ಠಾನದ ಸರ್ವರುಗಳು ಸಾವಿರಕ್ಕೂ ಮಿಕ್ಕಿವೆ. ಒಂದೊಂದನ್ನೂ ಕೈಯಿಂದಲೇ ಸರಿಪಡಿಸುತ್ತ ಹೋದರೆ ಕೆಲವೇ ತಿಂಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ. ಒಂದು ಕೆಟ್ಟುಹೋದರೆ ಅದನ್ನು ಹೇಗೆ ಅಣಿಗೊಳಿಸಲಾಗಿತ್ತೆಂಬುದೂ ಯಾರ ನೆನಪಿನಲ್ಲಿಯೂ ಉಳಿಯದು. ಇದಕ್ಕೆ ಪರಿಹಾರವೇನು?

ಒಂದು ದೃಷ್ಟಾಂತವನ್ನು ನೋಡೋಣ. ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣಿಬೆನ್ನೂರು ಈ ಕ್ರಮದಲ್ಲಿ ಬರುತ್ತವೆ. ಮೂರು ಊರುಗಳಲ್ಲಿರುವ ಮೂವರನ್ನು ಬ್ಯಾಡಗಿಯಲ್ಲಿ ಸೇರಿಸಬೇಕಾಗಿದೆ. ‘ರಾಣಿಬೆನ್ನೂರಿನ ಕಡೆಗೆ ಒಂದು ಊರು ಸಾಗಿರಿ’ ಎಂದರೆ ಹಾವೇರಿಯವನು ಮಾತ್ರ ಸರಿಯಾಗಿ ಬಂದಾನು. ಬ್ಯಾಡಗಿಯಲ್ಲಿಯೇ ಇದ್ದವನು ಊರು ಬಿಟ್ಟು ಹೋದಾನು. ‘ಬ್ಯಾಡಗಿಯಲ್ಲಿರಿ’ ಎಂದರೆ ಹಾಗಾಗದು. ಇಬ್ಬರು ತಮ್ಮ ತಮ್ಮ ದಾರಿ ಹಿಡಿದು ಬರುತ್ತಾರೆ; ಮೂರನೆಯವನು ಕದಲುವುದಿಲ್ಲ. ಮೊದಲನೆಯದು ಕ್ರಮವನ್ನು ಹೇಳುವ ಆಜ್ಞೆ; ಎರಡನೆಯದು ಸ್ಥಿತಿಯನ್ನು ಹೇಳುವ ಘೋಷಣೆ.

ಸರ್ವರುಗಳ ನಿರ್ವಹಣೆಯಲ್ಲಿಯೂ ಇದೇ ತತ್ತ್ವ. ‘ಈ ತಂತ್ರಾಂಶ ಇರಬೇಕು, ಈ ಕಡತದಲ್ಲಿ ಇಂತಹ ಸಾಲುಗಳಿರಬೇಕು, ಈ ಸೇವೆ ನಡೆಯುತ್ತಿರಬೇಕು’ ಎಂದು ತಂತ್ರಜ್ಞರು ಬರೆದಿಡುತ್ತಾರೆ. ಪ್ರತಿಯೊಂದು ಸರ್ವರಿನಲ್ಲಿರುವ ಸಹಾಯಕ ತಂತ್ರಾಂಶವು ಸುಮಾರು ಅರ್ಧ ಗಂಟೆಗೊಮ್ಮೆ ಆ ಬರಹವನ್ನೂ ವಾಸ್ತವ ಸ್ಥಿತಿಯನ್ನೂ ಹೋಲಿಸಿ, ತಪ್ಪಿರುವುದನ್ನು ಮಾತ್ರ ತಿದ್ದುತ್ತದೆ. ಈ ಕಾರ್ಯವನ್ನು ನೂರು ಸಲ ಮಾಡಿದರೂ ಫಲ ಒಂದೇ.

ಈ ವಿಧಾನಕ್ಕೆ ಬುನಾದಿ ಹಾಕಿದವರಲ್ಲಿ ಮಾರ್ಕ್ ಬರ್ಜೆಸ್ ಪ್ರಮುಖರು. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದಾಗ, 1993ರಲ್ಲಿ, ಅವರು ಸಿಎಫ್‌ಎಂಜಿನ್ ಎಂಬ ತಂತ್ರಾಂಶವನ್ನು ರಚಿಸಿದರು. 2005ರಲ್ಲಿ ಲ್ಯೂಕ್ ಕೇನೀಸ್ ಅವರ ಪಪೆಟ್, ಅಂದರೆ ‘ಸೂತ್ರದ ಬೊಂಬೆ’, ಹೊರಬಂದಿತು. ವಿಕಿಮೀಡಿಯ ಬಳಸುವುದು ಇದನ್ನೇ. ಗುಪ್ತಪದಗಳಂತಹ ರಹಸ್ಯಗಳನ್ನು ಬೇರೆಯಾಗಿರಿಸಿ, ಉಳಿದ ಪಪೆಟ್ ಬರಹವನ್ನು ಅದು 2011ರಲ್ಲಿ ಸಾರ್ವಜನಿಕರ ಮುಂದಿಟ್ಟಿತು. ವಿಕಿಯ ಪುಟದಂತೆ ಇಲ್ಲಿಯೂ ಯಾರು, ಯಾವಾಗ, ಏನನ್ನು ತಿದ್ದಿದರೆಂಬ ದಾಖಲೆಯಿರುತ್ತದೆ.

ಆದರೆ ಘೋಷಣೆಯೇ ತಪ್ಪಾಗಿದ್ದರೆ? ಆ ತಪ್ಪು ಅಷ್ಟೇ ನಿಷ್ಠೆಯಿಂದ ಎಲ್ಲ ಸರ್ವರುಗಳಿಗೂ ಹರಡುತ್ತದೆ. ಆದುದರಿಂದ ಒಬ್ಬರು ಬರೆದದ್ದನ್ನು ಮತ್ತೊಬ್ಬರು ಪರೀಕ್ಷಿಸುವುದು, ಮೊದಲು ಕೆಲವೇ ಯಂತ್ರಗಳಲ್ಲಿ ಪ್ರಯೋಗಿಸುವುದು ಅವಶ್ಯಕ. ಇನ್ನೊಂದು ಮಾತು: ಘೋಷಣೆಯಿಂದ ಹಾಳಾದ ಸರ್ವರನ್ನು ಮತ್ತೆ ಕಟ್ಟಬಹುದೇ ಹೊರತು, ಅಳಿದುಹೋದ ಲೇಖನವನ್ನು ಮರಳಿ ಪಡೆಯಲಾಗದು. ಲೇಖನಗಳಿಗೆ ಪ್ರತ್ಯೇಕ ಪ್ರತಿಗಳೇ ರಕ್ಷೆ. ಕಾಲೇಜಿನ ಒಂದೇ ಗಣಕದಲ್ಲಿ ಪುಟ್ಟ ವಿಕಿಯೊಂದನ್ನು ನಡೆಸಬೇಕೆನ್ನುವ ವಿದ್ಯಾರ್ಥಿಗಳಿಗೂ ಈ ಎರಡು ಎಚ್ಚರಗಳು ಅನ್ವಯಿಸುತ್ತವೆ.