ನಿದ್ದೆಯಲ್ಲಿ ಸೋರುವ ಕರೆಂಟಿನ ಲೆಕ್ಕ

ಗೋಡೆಯ ಮೇಲಿನ ಉಷ್ಣಾಂಶ ಸೆನ್ಸರ್, ಕಾರಿನ ರಿಮೋಟ್ ಕೀಲಿ, ಬ್ಲೂಟೂತ್ ಟ್ಯಾಗ್‌ನಂಥ ಸಾಧನಗಳು ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತವೆ. ಕೆಲವು ಮಿಲಿಸೆಕೆಂಡು ಎಚ್ಚೆತ್ತು, ಕೆಲಸ ಮುಗಿಸಿ, ಮತ್ತೆ ಮಲಗುತ್ತವೆ. ಸಿಆರ್2032 ಬಟನ್ ಸೆಲ್‌ನಲ್ಲಿ ಇರುವುದು ಸುಮಾರು 220 ಮಿಲಿಆಂಪಿಯರ್-ಗಂಟೆ. ನಿದ್ದೆಯ ಕರೆಂಟು 10 ಮೈಕ್ರೋಆಂಪಿಯರ್ ಆದರೆ ಸೆಲ್ ಎರಡೂವರೆ ವರ್ಷ ಬಾಳುತ್ತದೆ. 50 ಆದರೆ ಆರು ತಿಂಗಳಿಗೇ ಖಾಲಿ.

ನಿದ್ದೆಯ ಕರೆಂಟಿನ ಅಳತೆಯನ್ನು ಹೆಚ್ಚಾಗಿ ಕೆಡಿಸುವುದು ಮೀಟರೇ. ಮಲ್ಟಿಮೀಟರು ಕರೆಂಟನ್ನು ಒಂದು ರೋಧಕದ ಮೂಲಕ ಹರಿಸಿ, ಅಲ್ಲಿ ಬೀಳುವ ವೋಲ್ಟೇಜನ್ನು ಓದುತ್ತದೆ. ಮೈಕ್ರೋಆಂಪಿಯರ್ ಶ್ರೇಣಿಯಲ್ಲಿ ಆ ರೋಧಕ ಹಲವು ಮೀಟರುಗಳಲ್ಲಿ 100 ಓಮ್‌ನ ಆಸುಪಾಸು ಇರುತ್ತದೆ. ಸಾಧನ ಮಲಗಿರುವಷ್ಟು ಹೊತ್ತು ತೊಂದರೆಯಿಲ್ಲ. ರೇಡಿಯೋ ಎಚ್ಚೆತ್ತು 20 ಮಿಲಿಆಂಪಿಯರ್ ಎಳೆಯಿತೋ, 2 ವೋಲ್ಟ್ ಮೀಟರಿನಲ್ಲೇ ಉಳಿದುಬಿಡುತ್ತದೆ. 3 ವೋಲ್ಟ್ ಸೆಲ್‌ನಿಂದ ಸಾಧನಕ್ಕೆ ಸಿಗುವುದು ಒಂದೇ. ಪರದೆ ಒಮ್ಮೆ ಮಿನುಗಿ ಆರುತ್ತದೆ, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ, ಮತ್ತೆ ಆರುತ್ತದೆ. ಮೀಟರು ತೆಗೆದರೆ ಎಲ್ಲವೂ ಸರಿ. ದೋಷ ಎಲ್ಲಿದೆಯೆಂದು ಹುಡುಕುತ್ತ ದಿನಗಳೇ ಕಳೆದುಹೋಗಬಹುದು. ಹೀಗೆ ಮೀಟರು ನುಂಗುವ ವೋಲ್ಟೇಜಿಗೆ ‘ಬರ್ಡನ್ ವೋಲ್ಟೇಜ್’ ಎಂದು ಹೆಸರು.

ಹೊರೆ ಕಡಿಮೆ ಮಾಡಿ, ಸಿಕ್ಕಿದ್ದನ್ನು ಆಮೇಲೆ ಹಿಗ್ಗಿಸುವ ಉಪಾಯ ಹಳೆಯದು. 1858ರಲ್ಲಿ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ಲಿನ ಕ್ಷೀಣ ಸಂಕೇತ ಓದಲು ಕರೆಂಟಿಗೆ ತಿರುಗುವ ಪುಟ್ಟ ಕನ್ನಡಿಯ ಮೇಲೆ ಬೆಳಕು ಬಿಟ್ಟು, ಅದರ ಅಲುಗಾಟವನ್ನು ಅಳತೆಪಟ್ಟಿಯ ಮೇಲೆ ದೊಡ್ಡದಾಗಿ ಕಂಡರು. ಸಿಡ್ನಿಯ ಎಂಜಿನಿಯರ್ ಡೇವ್ ಜೋನ್ಸ್ 2009ರಲ್ಲಿ ‘ಸಿಲಿಕಾನ್ ಚಿಪ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಮೈಕ್ರೋಕರೆಂಟ್’ ಪೆಟ್ಟಿಗೆಯ ಗುಟ್ಟೂ ಅದೇ. ಮೈಕ್ರೋಆಂಪಿಯರ್ ಶ್ರೇಣಿಗೆ ಬರೀ 10 ಓಮ್ ರೋಧಕ, ಹಿಂದೆಯೇ ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್. ಒಂದು ಮೈಕ್ರೋಆಂಪಿಯರಿಗೆ ಒಂದು ಮಿಲಿವೋಲ್ಟ್. ಸಾಧಾರಣ ಮೀಟರಿನಲ್ಲೂ ಓದಬಹುದು. ಅಂಗೈಯಗಲದ ಪೆಟ್ಟಿಗೆಯಲ್ಲಿ ಇಷ್ಟು ಸರಳವಾದ, ಇಷ್ಟು ಚೊಕ್ಕವಾದ ಪರಿಹಾರ ಅಪರೂಪ.

ನ್ಯಾನೋಆಂಪಿಯರಿಗೆ ಇಳಿದರೆ ಬೋರ್ಡಿನ ಕೊಳೆಯೂ ಲೆಕ್ಕಕ್ಕೆ ಬರುತ್ತದೆ. ಬೆಸುಗೆಯ ಫ್ಲಕ್ಸ್, ಬೆರಳಿನ ಬೆವರು 100 ಮೆಗಾಓಮ್‌ನ ದಾರಿಯೊಂದನ್ನು ತೆರೆದರೆ, 3 ವೋಲ್ಟಿಗೆ 30 ನ್ಯಾನೋಆಂಪಿಯರ್ ಅಲ್ಲೇ ಸೋರುತ್ತದೆ.

ಯಾವ ಪೆಟ್ಟಿಗೆಯೂ ಇಲ್ಲದವರಿಗೆ ಕೆಪಾಸಿಟರ್ ಇದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. 1000 ಮೈಕ್ರೋಫ್ಯಾರಡ್‌ನದನ್ನು 3 ವೋಲ್ಟಿಗೆ ತುಂಬಿ, ಸೆಲ್ ಬಿಡಿಸಿ, ಸಾಧನವನ್ನು ಅದರಿಂದಲೇ ನಡೆಸಬೇಕು. ನೂರು ಸೆಕೆಂಡಿನಲ್ಲಿ ವೋಲ್ಟೇಜು 2.9ಕ್ಕೆ ಇಳಿದರೆ ಸರಾಸರಿ ಕರೆಂಟು ಒಂದು ಮೈಕ್ರೋಆಂಪಿಯರ್. ಅದಕ್ಕೂ ಮುಂಚೆ ಸಾಧನ ಜೋಡಿಸದೆ ಕೆಪಾಸಿಟರನ್ನು ಒಂದು ರಾತ್ರಿ ಹಾಗೇ ಬಿಟ್ಟು, ಅದು ತಾನೇ ಎಷ್ಟು ಸೋರುತ್ತದೆಂದು ಬರೆದಿಟ್ಟುಕೊಂಡು, ಆ ಪಾಲನ್ನು ಕಳೆಯಬೇಕು.