ಬಳೆಯ ಪಿನ್ನು ಮತ್ತು ಇಪ್ಪತ್ನಾಲ್ಕು ಸೊನ್ನೆ

"ಅಮ್ಮಾ, ಪಿನ್ನು ಗಿನ್ನು ಏನಾದ್ರೂ ಇದ್ಯಾ, ಇನ್ನೊಂದ್ಸಲ ನೋಡ್ಕೊಳಿ."

ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತಿದ್ದ ಟೆಕ್ನಿಷಿಯನ್ ಹುಡುಗ ಇದನ್ನು ಮೂರನೇ ಬಾರಿ ಕೇಳುತ್ತಿದ್ದ. ಅಮ್ಮ ಅಷ್ಟರಲ್ಲಾಗಲೇ ಸರ, ಓಲೆ, ಕಾಲುಂಗುರ ಎಲ್ಲ ಬಿಚ್ಚಿ ನನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿಸಿದ್ದಳು. ಚಿನ್ನವನ್ನು ಸೂಜಿಗಲ್ಲು ಎಳೆಯುವುದಿಲ್ಲವಲ್ಲ, ಯಾಕೆ ತೆಗೀಬೇಕು ಅಂತ ಅವಳ ತಕರಾರು. ಹುಡುಗ ನಕ್ಕ. "ನಂಗೆ ಭಯ ಚಿನ್ನದ್ದಲ್ಲಮ್ಮ, ಪಿನ್ನಿಂದು." ಹುಡುಕಿದರೆ ಎಡಗೈಯ ಬಳೆಗಳ ನಡುವೆ ಎರಡು ಸೇಫ್ಟಿ ಪಿನ್ನು ಸಿಕ್ಕವು. ನಮ್ಮ ಹೆಂಗಸರ ಬಳೆಯಲ್ಲಿ ಪಿನ್ನು ಸಿಗದಿದ್ದರೇ ಆಶ್ಚರ್ಯಪಡಬೇಕು.

"ಮೆಷಿನ್ ಇನ್ನೂ ಆನ್ ಮಾಡಿಲ್ವಲ್ಲ?" ಎಂದೆ ನಾನು, ತಿಳಿದವನ ಹಾಗೆ.

"ಮ್ಯಾಗ್ನೆಟ್ ಆಫೇ ಆಗಲ್ಲ ಸಾರ್. ಕರೆಂಟ್ ಹೋದ್ರೂ ಆನೇ."

ಅವನು ಹೇಳಿದ್ದು ಅಕ್ಷರಶಃ ನಿಜ. ಆ ದೊಡ್ಡ ಬಿಳಿ ಉಂಗುರದೊಳಗೆ ನಿಯೋಬಿಯಂ ಮತ್ತು ಟೈಟಾನಿಯಂ ಬೆರೆಸಿದ ತಂತಿಯ ಸುರುಳಿ, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಹೀಲಿಯಂ ದ್ರವದ ಚಳಿಯಲ್ಲಿ ಕೂತಿರುತ್ತದೆ. ಆ ಚಳಿಯಲ್ಲಿ ತಂತಿಗೆ ಪ್ರತಿರೋಧವೇ ಇರುವುದಿಲ್ಲ. ಒಮ್ಮೆ ಒಳಗೆ ಬಿಟ್ಟ ನೂರಾರು ಆಂಪಿಯರ್ ಕರೆಂಟು ಹೊರಗಿನ ಪ್ಲಗ್ಗಿನ ಹಂಗಿಲ್ಲದೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕರೆಂಟು ಸುತ್ತುವವರೆಗೆ ಅದು ಅಯಸ್ಕಾಂತ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಮೇಷ್ಟ್ರು ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಕಂಡಾಗ ಶುರುವಾದ ಕತೆಯೇ ಇಲ್ಲಿಗೂ ಬಂದು ನಿಂತಿದೆ.

ಬಾಗಿಲ ಮೇಲೆ 1.5 ಟಿ ಎಂದು ಬರೆದಿತ್ತು. ಒಂದೂವರೆ ಟೆಸ್ಲಾ. ಕೇಳಲು ಏನೂ ಅನ್ನಿಸದ ಅಂಕಿ. ಆದರೆ ನಾವು ಹುಟ್ಟಿದಂದಿನಿಂದ ಮುಳುಗಿರುವ ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಸುಮಾರು 40 ಮೈಕ್ರೋಟೆಸ್ಲಾ, ಅಂದರೆ ಒಂದು ಟೆಸ್ಲಾವನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ನಲವತ್ತು ಚೂರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಕೂಡ ತನ್ನ ಮೈಮೇಲೆ ಇದಕ್ಕಿಂತ ನೂರು ಪಟ್ಟು ಬಲಶಾಲಿ. ಹಾಗಿದ್ದೂ ದಿಕ್ಸೂಚಿ ಫ್ರಿಜ್ಜಿನ ಕಡೆ ತಿರುಗದೆ ಉತ್ತರಕ್ಕೇ ತಿರುಗುವುದು ಯಾಕೆಂದರೆ, ಸಣ್ಣ ಅಯಸ್ಕಾಂತದಿಂದ ಎರಡರಷ್ಟು ದೂರ ಸರಿದರೆ ಅದರ ಕ್ಷೇತ್ರ ಎಂಟರಲ್ಲೊಂದು ಪಾಲಾಗುತ್ತದೆ, ಹತ್ತರಷ್ಟು ಸರಿದರೆ ಸಾವಿರದಲ್ಲೊಂದು. ಭೂಮಿಯದು ಬಡಕಲು, ಆದರೆ ಎಲ್ಲಿ ಹೋದರೂ ಬಿಡುವುದಿಲ್ಲ.

ಅಮ್ಮ ಮಲಗಿದ್ದ ಉಂಗುರದೊಳಗಿನದು ಭೂಮಿಯದಕ್ಕಿಂತ 37,500 ಪಟ್ಟು. ಇಲ್ಲೊಂದು ತಮಾಷೆಯಿದೆ: ಕಾಂತಕ್ಷೇತ್ರದಲ್ಲಿ ಅಡಗಿದ ಶಕ್ತಿ ಬಲದ ವರ್ಗದಂತೆ ಏರುತ್ತದೆ. ಕ್ಷೇತ್ರ ಹತ್ತು ಪಟ್ಟಾದರೆ ಶಕ್ತಿ ನೂರು ಪಟ್ಟು. ನಾನು ಕೂತಿದ್ದ ಬೆಂಚಿನ ಮುಂದಿನ ಒಂದು ಘನ ಮೀಟರ್ ಗಾಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಇಟ್ಟಿರುವ ಶಕ್ತಿಯಷ್ಟನ್ನೂ ಸೋಸಿ ತೆಗೆದರೆ ಒಂದು ಸೊಳ್ಳೆಯನ್ನು ತೆಂಗಿನಮರದ ತುದಿಗೆ ಏರಿಸಬಹುದು, ಅಷ್ಟೆ. ಗೋಡೆಯಾಚೆಗಿನ ಅಷ್ಟೇ ಜಾಗದಲ್ಲಿರುವ ಶಕ್ತಿಗೆ ಒಂದು ಟನ್ ತೂಕದ ಕಾರನ್ನು ಮೂವತ್ತನೇ ಮಹಡಿಗೆ ಎತ್ತಿಡುವಷ್ಟು ತಾಕತ್ತು. ಹುಡುಗನಿಗೆ ಪಿನ್ನಿನ ಭಯ ಇರುವುದರಲ್ಲಿ ತಪ್ಪೇನು?

ಆ ಪಿನ್ನುಗಳಲ್ಲೊಂದು ನನ್ನ ಅಂಗೈಯಲ್ಲಿತ್ತು. ಅರ್ಧ ಗ್ರಾಂ ಇದ್ದೀತು. ಅದರಲ್ಲಿರುವ ಕಬ್ಬಿಣದ ಪರಮಾಣುಗಳು ಐದರ ಮುಂದೆ ಇಪ್ಪತ್ತೊಂದು ಸೊನ್ನೆ. ಭಾರತದ 140 ಕೋಟಿ ಜನ ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೂ ಒಂದು ಲಕ್ಷ ವರ್ಷದಲ್ಲಿ ಮುಗಿಯುವುದಿಲ್ಲ. ಪ್ರತಿ ಪರಮಾಣುವೂ, ಅದರ ಎಲೆಕ್ಟ್ರಾನುಗಳ ದೆಸೆಯಿಂದ, ಒಂದೊಂದು ಪುಟ್ಟ ಅಯಸ್ಕಾಂತ. ಅವು ಬಿಡಿಬಿಡಿಯಾಗಿ ಮನಸೋ ಇಚ್ಛೆ ನಿಂತಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಓಣಿಗಳಾಗಿ, ಒಂದು ಓಣಿಯವರೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ. ಓಣಿಯೊಳಗಿನ ಕಾಂತಬಲ ಅಳೆದರೆ ಸುಮಾರು 2 ಟೆಸ್ಲಾ. ಅಂದರೆ ಬಾಗಿಲಾಚೆಗಿನ ಕೋಟಿ ರೂಪಾಯಿ ಬೆಲೆಯ ಯಂತ್ರಕ್ಕಿಂತ ಹೆಚ್ಚು! ಒಂದು ಓಣಿಯ ಮುಖ ಪೂರ್ವಕ್ಕಾದರೆ ಪಕ್ಕದ್ದು ಪಶ್ಚಿಮಕ್ಕೆ, ಆಚೆಯದು ಇನ್ನೆಲ್ಲಿಗೋ. ಹೀಗೆ ಒಂದನ್ನೊಂದು ಕಳೆದುಕೊಂಡು, ಹೊರಗಿನವರಿಗೆ ಪಿನ್ನು ಬರಿಯ ಪಿನ್ನು. ಸೂಜಿಗಲ್ಲಿಗೆ ತಿಕ್ಕಿದರೆ ಒಂದಷ್ಟು ಓಣಿಗಳು ಒಮ್ಮುಖವಾಗುತ್ತವೆ. ನಾವು ಸೂಜಿಗೆ ಅಯಸ್ಕಾಂತದ ಶಕ್ತಿ ಬಂತು ಅನ್ನುತ್ತೇವೆ. ಬಂದದ್ದೇನೂ ಇಲ್ಲ, ಒಳಗಿನ ಜಗಳ ಕಡಿಮೆಯಾಯಿತು.

ಚಿಕ್ಕವರಿದ್ದಾಗ ಕೆಟ್ಟ ರೇಡಿಯೋದ ಸ್ಪೀಕರ್ ಒಡೆದು ಉಂಗುರದಂಥ ಅಯಸ್ಕಾಂತ ತೆಗೆದು, ಅದಕ್ಕೆ ದಾರ ಕಟ್ಟಿ ಶಾಲೆಯ ಮುಂದಿನ ಮಣ್ಣಿನಲ್ಲಿ ಎಳೆದುಕೊಂಡು ಓಡದ ಹುಡುಗರಿದ್ದರೇ? ಮೈತುಂಬ ಕಪ್ಪು ಪುಡಿ ಮೆತ್ತಿಕೊಂಡು ಮುಳ್ಳುಹಂದಿಯ ಮರಿಯಂತೆ ಕಾಣುತ್ತಿತ್ತು. ಕಬ್ಬಿಣದ ಪುಡಿ ಎಂದು ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದೆವು. ಅದರಲ್ಲಿ ಬಹುಪಾಲು ಮ್ಯಾಗ್ನೆಟೈಟ್ ಎಂಬ ಅದಿರು. ಕುದುರೆಮುಖದಲ್ಲಿ ಬೆಟ್ಟ ಅಗೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದದ್ದೂ ಇದೇ. ಅಲ್ಲಿನ ಗಣಿ 2005ರ ಕೊನೆಗೆ ನಿಂತಿತು. ಕೆಸರಿನ ಕೆಲವು ಬ್ಯಾಕ್ಟೀರಿಯಾಗಳು ಇದೇ ಮ್ಯಾಗ್ನೆಟೈಟನ್ನು ತಮ್ಮ ಮೈಯಲ್ಲೇ ತಯಾರಿಸಿ, ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನ ಹರಳುಗಳನ್ನು ಮಣಿಸರದಂತೆ ಪೋಣಿಸಿಟ್ಟುಕೊಂಡು ದಿಕ್ಕು ಹಿಡಿಯುತ್ತವೆ. ಇಂಥ ಬ್ಯಾಕ್ಟೀರಿಯಾಗಳ ಬಗ್ಗೆ 1975ರಲ್ಲಿ ಅಮೆರಿಕದ ಬ್ಲೇಕ್‌ಮೋರ್ ಎಂಬ ವಿಜ್ಞಾನಿ ವರದಿ ಮಾಡಿದರು.

ಭೂಮಿಯ ವಿಷಯಕ್ಕೆ ಬಂದರೆ, ಅದರ ಹೊಟ್ಟೆಯಲ್ಲೊಂದು ದೊಡ್ಡ ಅಯಸ್ಕಾಂತದ ಕೋಲಿದೆ ಎಂಬ ಶಾಲೆಯ ಚಿತ್ರ ತಲೆಯಲ್ಲಿ ಕೂತುಬಿಟ್ಟಿದೆ. ಕೋಲೂ ಇಲ್ಲ, ಏನೂ ಇಲ್ಲ. ಕಬ್ಬಿಣ 770 ಡಿಗ್ರಿ ದಾಟಿದರೆ ಅದರ ಓಣಿಗಳೆಲ್ಲ ಚದುರಿಹೋಗುತ್ತವೆ, ಭೂಗರ್ಭದ ಕಬ್ಬಿಣವೋ ಸಾವಿರಾರು ಡಿಗ್ರಿಯಲ್ಲಿ ಕುದಿಯುತ್ತಿದೆ. ಹೆಚ್ಚುಕಡಿಮೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕಿರುವಷ್ಟು ದೂರ, 2,900 ಕಿಲೋಮೀಟರ್, ನೇರ ಕೆಳಗಿಳಿದರೆ ಕರಗಿದ ಕಬ್ಬಿಣದ ಕಡಲು. ಅದರ ಹೊರಳಾಟದಿಂದ ಹುಟ್ಟುವ ಕರೆಂಟೇ ನಮ್ಮ 40 ಮೈಕ್ರೋಟೆಸ್ಲಾದ ಮೂಲ. ಕಡಲು ಆಗಾಗ ಮಗ್ಗುಲು ಬದಲಿಸುತ್ತದೆ. ಕೊನೆಯ ಸಲ ಉತ್ತರ ದಕ್ಷಿಣಗಳು ಅದಲುಬದಲಾಗಿ ನಿಂತದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ.

ಈ ಕ್ಷೇತ್ರದ ದಿನಚರಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಬರೆದಿಡಲು ತೊಡಗಿದರು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಎಂಬ ಖಗೋಳಜ್ಞ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಅಲ್ಲಿ ಬೆಳ್ಳಗೆ ಏನೋ ಝಗ್ಗೆಂದಿತು. ಹದಿನೇಳೂವರೆ ಗಂಟೆ ಕಳೆಯುವಷ್ಟರಲ್ಲಿ ಸೂರ್ಯ ಉಗುಳಿದ್ದು ಇಲ್ಲಿಗೆ ತಲುಪಿತು. ಕೊಲಾಬಾದವರ ಪಟ್ಟಿಯಲ್ಲಿ ಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದು ದಾಖಲಾಗಿದೆ. ನ್ಯಾನೋ ಎಂದರೆ ನೂರು ಕೋಟಿಯಲ್ಲೊಂದು. ಭೂಮಿಯ ಬಡಕಲು ಕ್ಷೇತ್ರದಲ್ಲೂ ನೂರಕ್ಕೆ ನಾಲ್ಕು ಪಾಲು ಮಾತ್ರ. ಅಷ್ಟಕ್ಕೇ ಅಮೆರಿಕದ ಟೆಲಿಗ್ರಾಫ್ ಆಫೀಸುಗಳಲ್ಲಿ ಬ್ಯಾಟರಿ ಕಳಚಿಟ್ಟು, ಬರಿಯ ಆಕಾಶದ ಕರೆಂಟಿನಲ್ಲೇ ಬಾಸ್ಟನ್ನಿನಿಂದ ಪೋರ್ಟ್‌ಲ್ಯಾಂಡಿಗೆ ಸಂದೇಶ ಕಳಿಸಿದರು.

ಸೂರ್ಯನಿಗೆ ಜಗ್ಗದ ಕೊಲಾಬಾದವರು ಟ್ರಾಮಿಗೆ ಜಗ್ಗಬೇಕಾಯಿತು. ಕುದುರೆ ಎಳೆಯುವ ಟ್ರಾಮಿನಿಂದ ತೊಂದರೆಯಿರಲಿಲ್ಲ. ಮುಂಬಯಿಗೆ ವಿದ್ಯುತ್ ಟ್ರಾಮು ಬರುತ್ತದೆ ಎಂದಾಗ, ಹಳಿಯಲ್ಲಿ ಹರಿಯುವ ಕರೆಂಟು ಸೂಜಿಗಳ ತಲೆ ಕೆಡಿಸುತ್ತದೆಂದು ಅಳತೆಯ ಕೆಲಸವನ್ನೇ 1904ರಲ್ಲಿ ಕೊಲ್ಲಿಯಾಚೆಗಿನ ಅಲಿಬಾಗಿಗೆ ಒಯ್ದರು. ಅಲ್ಲಿ ಪೋರ್‌ಬಂದರಿನ ಕಲ್ಲು ತಂದು, ಕಬ್ಬಿಣ ಸೋಕದಂತೆ ಕಟ್ಟಡ ಕಟ್ಟಿದರು. ಅದೇ ಮಡಿವಂತಿಕೆ ನಮ್ಮ ಆದಿತ್ಯ-ಎಲ್1 ನೌಕೆಯಲ್ಲೂ ಇದೆ. ಸೂರ್ಯನ ಗಾಳಿಯ ಜೊತೆ ಬರುವ ಕಾಂತಕ್ಷೇತ್ರ ಬರೀ ಐದಾರು ನ್ಯಾನೋಟೆಸ್ಲಾ. ನೌಕೆಯ ಸ್ವಂತ ತಂತಿಗಳ ಗಲಾಟೆಯಲ್ಲಿ ಅದು ಕೇಳಿಸುವುದಿಲ್ಲವೆಂದು, ಬೆಂಗಳೂರಿನಲ್ಲಿ ತಯಾರಾದ ಮಾಪಕವನ್ನು 6 ಮೀಟರ್ ಉದ್ದದ ಮಡಿಸುವ ಕೋಲಿನ ತುದಿಗೆ ಸಿಕ್ಕಿಸಿ, 2024ರ ಜನವರಿಯಲ್ಲಿ ಬಿಚ್ಚಿ ದೂರ ಚಾಚಿದರು.

ಎಂಆರ್‌ಐನ ಒಂದೂವರೆ ಟೆಸ್ಲಾದಿಂದ ಮೇಲಕ್ಕೆ ಏರಿದರೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ. 1997ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಖನ್‌ನಲ್ಲಿ ಭೌತವಿಜ್ಞಾನಿ ಆಂದ್ರೆ ಗೈಮ್ 16 ಟೆಸ್ಲಾದಲ್ಲಿ ಒಂದು ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದರು. ಕಪ್ಪೆಯ ಮೈಯ ನೀರನ್ನು ಅಯಸ್ಕಾಂತ ತೀರಾ ಅಲ್ಪವಾಗಿ ದೂಡುತ್ತದೆ, ಆ ಅಲ್ಪವೇ ಅಲ್ಲಿ ಸಾಕಾಯಿತು. ನಗೆಪಾಟಲಿನ ಇಗ್ ನೊಬೆಲನ್ನೂ, 2010ರಲ್ಲಿ ಗ್ರಾಫೀನ್ ಕೆಲಸಕ್ಕೆ ನಿಜವಾದ ನೊಬೆಲನ್ನೂ ಪಡೆದ ಪುಣ್ಯಾತ್ಮ ಇವರೇ. 2018ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು 700 ಟೆಸ್ಲಾ ತಡೆಯುವಂತೆ ಕಬ್ಬಿಣದ ಪಂಜರ ಕಟ್ಟಿ ಪ್ರಯೋಗ ಮಾಡಿದರೆ ಕ್ಷೇತ್ರ 1,200 ಮುಟ್ಟಿ ಪಂಜರದ ಬಾಗಿಲೇ ಹಾರಿತು.

ಮನುಷ್ಯರ ಪೌರುಷ ಇಲ್ಲಿಯವರೆಗೆ. ಆಚೆಗೆ ಮ್ಯಾಗ್ನೆಟಾರ್‌ಗಳು, ಅಂದರೆ ಸತ್ತ ನಕ್ಷತ್ರದ ಗಟ್ಟಿ ಉಂಡೆಗಳು. ಅಗಲ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಬೆಂಗಳೂರಿನೊಳಗೆ ಹಿಡಿಸೀತು. ಕ್ಷೇತ್ರ ಸಾವಿರ ಕೋಟಿ ಟೆಸ್ಲಾ, ಕೆಲವದ್ದು ಅದರ ಹತ್ತು ಪಟ್ಟು. ಅಲ್ಲಿ ಪರಮಾಣು ಗುಂಡಗೆ ಉಳಿಯುವುದಿಲ್ಲ, ಶಾವಿಗೆಯಂತೆ ಎಳೆಯಾಗುತ್ತದೆ. ಶಕ್ತಿಗೂ ತೂಕವಿದೆ ಎಂದು ಐನ್‌ಸ್ಟೈನ್ ಹೇಳಿದ್ದು ನೆನಪಿದ್ದರೆ ಲೆಕ್ಕ ಹಾಕಿ ನೋಡಿ: ಸಾವಿರ ಕೋಟಿ ಟೆಸ್ಲಾದ ಕ್ಷೇತ್ರವಿರುವ ಖಾಲಿ ಜಾಗ, ಒಂದು ಅಡಿಕೆಗಿಂತಲೂ ಸಣ್ಣದಾದ ಒಂದು ಘನ ಸೆಂಟಿಮೀಟರ್, 440 ಕೆಜಿ ತೂಗುತ್ತದೆ. ಐವತ್ತು ಕೆಜಿಯ ಎಂಟು ಮೂಟೆ ಅಕ್ಕಿ, ಮೇಲೆ ನಲವತ್ತು ಕೆಜಿ ಕೊಸರು. ಅದರಲ್ಲಿ ವಸ್ತುವೆಂಬುದು ಕಾಳಿನಷ್ಟೂ ಇಲ್ಲ, ತೂಗುತ್ತಿರುವುದು ಬರಿಯ ಕಾಂತಕ್ಷೇತ್ರ. 2004ರ ಡಿಸೆಂಬರ್ 27ರಂದು, ನಾವೆಲ್ಲ ಸುನಾಮಿಯ ಸುದ್ದಿಯಲ್ಲಿ ಮುಳುಗಿದ್ದಾಗ, ಹತ್ತಾರು ಸಾವಿರ ಜ್ಯೋತಿರ್ವರ್ಷ ದೂರದ ಇಂಥದ್ದೊಂದು ಉಂಡೆ ಒಮ್ಮೆ ಸಿಡಿದದ್ದಕ್ಕೆ ನಮ್ಮ ವಾತಾವರಣದ ಮೇಲಿನ ಪದರ ಕದಡಿತು.

ಆದರೂ ನನಗೆ ದೊಡ್ಡ ಅಂಕಿಗಿಂತ ಸಣ್ಣದರ ಮೇಲೇ ಬೆರಗು ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಎಂಬ ಯಂತ್ರವಿದೆ. ಸಾವಿರಾರು ನರಕೋಶಗಳು ಒಟ್ಟಿಗೆ ಮಿಡಿದಾಗ ಹರಿಯುವ ಕರೆಂಟು ತಲೆಯ ಹೊರಗೆ ಹುಟ್ಟಿಸುವ ಕ್ಷೇತ್ರ ನೂರು ಫೆಮ್ಟೋಟೆಸ್ಲಾ ಆಸುಪಾಸು, ಭೂಮಿಯದರ 40 ಕೋಟಿಯಲ್ಲಿ ಒಂದು ಪಾಲು. ಇಲ್ಲಿಂದ ಚಂದ್ರನವರೆಗಿನ ದಾರಿಯನ್ನು ಅಳೆಯುತ್ತ ಒಂದು ಮೀಟರಿನ ವ್ಯತ್ಯಾಸ ಹಿಡಿದಂತೆ. ಹೊರಗೆ ಬಸ್ಸು ಹೋದರೂ, ಪಕ್ಕದಲ್ಲಿ ಲಿಫ್ಟು ಏರಿದರೂ ಅದರ ಕಾಂತದ ಗದ್ದಲ ಮಿದುಳಿನದಕ್ಕಿಂತ ಜೋರು. ಹಾಗಾಗಿ ಇಂಥ ಯಂತ್ರವನ್ನು ನಿಕಲ್ ಬೆರೆತ ಲೋಹದ ಗೋಡೆಗಳ ಕೋಣೆಯಲ್ಲಿ ಬಚ್ಚಿಡುತ್ತಾರೆ. ಅಲಿಬಾಗಿನ ಕಲ್ಲು, ಆದಿತ್ಯದ ಕೋಲು, ಇಲ್ಲಿನ ಗೋಡೆ: ಎಲ್ಲ ಒಂದೇ ಉಪಾಯ. ಈ ಪಿಸುಮಾತಿಗೂ ಬಲಿಷ್ಠ ಮ್ಯಾಗ್ನೆಟಾರಿಗೂ ನಡುವೆ ಇಪ್ಪತ್ನಾಲ್ಕು ಸೊನ್ನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಆರು ಕೆಜಿ ಬೆಲ್ಲ, ಇನ್ನೊಂದರಲ್ಲಿ ಇಡೀ ಭೂಮಿ.

ಅರ್ಧ ಗಂಟೆಯ ನಂತರ ಅಮ್ಮ ಹೊರಬಂದಳು. ಒಳಗೆ ಮೊಳೆ ಹೊಡೆಯುವಂಥ ಸದ್ದಂತೆ, ನಿದ್ದೆ ಬರಲಿಲ್ಲವಂತೆ. "ಸುಮ್ನೆ ಮಲಗಿರೋ ಬದ್ಲು ಹಾಲಿನ ಲೆಕ್ಕ ಮಾಡ್ದೆ. ಎರಡು ದಿನ ಬಂದಿಲ್ಲ ಅವ್ನು. ಇಪ್ಪತ್ತೊಂಬತ್ತು ದಿನದ್ದೇ ಕೊಡು" ಅಂದಳು, ಪಿನ್ನಿಗಾಗಿ ಕೈ ಚಾಚುತ್ತ. ಸುತ್ತ ಒಂದೂವರೆ ಟೆಸ್ಲಾ, ತಲೆಯಲ್ಲಿ ಹಾಲಿನ ಲೆಕ್ಕದ್ದು ಅದರ ಹದಿನೈದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಮನೆಗೆ ಬಂದು ಕ್ಯಾಲೆಂಡರಿನ ಗುರುತು ಎಣಿಸಿದೆ. ಇಪ್ಪತ್ತೊಂಬತ್ತೇ ಇತ್ತು.